ಅವ್ವನ ಶುಗರಿಗೆ ಯಾವುದು ಸರಿ: ಎಸ್ಸೆಮ್ಮೆಸ್ಸೋ, 104ಕ್ಕೆ ಫೋನೋ, ವಾಟ್ಸಾಪೋ?

ಅವ್ವ ಅಣ್ಣಿಗೇರಿಯಲ್ಲಿ, ನಾನು ಹುಬ್ಬಳ್ಳಿಯಲ್ಲಿ. ಅವಳಿಗೆ ಶುಗರ್ ಬಂದ ಮೇಲೆ ಎಸ್ಸೆಮ್ಮೆಸ್, ಸರ್ಕಾರದ ಆರೋಗ್ಯ ಸಹಾಯವಾಣಿ 104, ವಾಟ್ಸಾಪ್ ಮೂರನ್ನೂ ಬಳಸಿ ನೋಡಿದ್ದೇವೆ. ನಮ್ಮ ಮನೆಯಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ವಾಟ್ಸಾಪ್ ವಾಯ್ಸ್ ಮೆಸೇಜ್. ಅದೂ ಗುರುತಿನವರ ದನಿಯಲ್ಲಿ ಬಂದದ್ದು.

ಎಸ್ಸೆಮ್ಮೆಸ್ಸಿಗೆ ನೆಟ್ ಬೇಡ, ಕೀಪ್ಯಾಡ್ ಫೋನಿಗೂ ಬರುತ್ತದೆ. ಆದರೆ ನಮಗೆ ಬಂದದ್ದೆಲ್ಲ ಇಂಗ್ಲಿಷಿನಲ್ಲೇ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷ್ ಅಕ್ಷರ 160 ಹಿಡಿಸುತ್ತವೆ. ಕನ್ನಡದ್ದು 70 ಮಾತ್ರ, ಅದರಲ್ಲೂ ಒತ್ತು, ಗುಣಿತಗಳಿಗೆ ಬೇರೆ ಲೆಕ್ಕ. ಸಾಲ, ರೀಚಾರ್ಜ್ ಮೆಸೇಜುಗಳ ನಡುವೆ ಅದನ್ನು ಅವ್ವ ತೆರೆಯುವುದೇ ಇಲ್ಲ. ಈಗ ತಪಾಸಣೆ ತಾರೀಕಿನ ಎಸ್ಸೆಮ್ಮೆಸ್ ನನ್ನ ನಂಬರಿಗೆ ಬರುತ್ತದೆ. ಅಷ್ಟಕ್ಕೆ ಸಾಕು.

104 ಒಳ್ಳೆಯ ಸೌಲಭ್ಯ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ತಿರುಗಿ ಕೇಳಬಹುದು. ರಾತ್ರಿ ಮಾತ್ರೆ ಮರೆತಾಗ ನಾನೇ ಮಾಡಿ ಕೇಳಿದೆ. ವಯಸ್ಸು, ಮಾತ್ರೆ ಹೆಸರು ವಿಚಾರಿಸಿ ಸಮಾಧಾನವಾಗಿ ಹೇಳಿದರು. ಅವ್ವ ಮಾತ್ರ ಮಾಡಲೊಲ್ಲಳು. "ಗುರ್ತಿಲ್ಲದವ್ರ ಮುಂದ ಏನಂತ ಹೇಳ್ಲಿ?" ಅನ್ನುತ್ತಾಳೆ.

ಇನ್ನು ವಾಟ್ಸಾಪ್. ಇದರಲ್ಲಿ ಎರಡು ಬಗೆ, ಎರಡನ್ನೂ ಒಂದೇ ಅನ್ನಬಾರದು. ಬೀಗರ ಗ್ರೂಪಿನಲ್ಲಿ ಬರುವ ಫಾರ್ವರ್ಡ್‌ಗಳು ಅಪಾಯ. ಬೆಂಡೆಕಾಯಿ ನೆನೆಸಿದ ನೀರು ಕುಡಿದರೆ ಮಾತ್ರೆ ಬೇಡ ಅಂತ ಒಂದು ಬಂತು. ಎರಡು ಬಾಣದ ಗುರುತಿದ್ದರೆ ಅದು ತುಂಬಾ ಕೈ ದಾಟಿ ಬಂದದ್ದು, ಮೊದಲು ಬರೆದವರು ಯಾರೋ ಏನೋ. ಇಂಥದ್ದನ್ನು ನಂಬಿ ಮಾತ್ರೆ ಬಿಟ್ಟರೆ ಗತಿಯೇನು?

ಓಣಿಯ ಆಶಾ ಕಾರ್ಯಕರ್ತೆ ಕಳಿಸುವ ವಾಯ್ಸ್ ಮೆಸೇಜ್ ಹಾಗಲ್ಲ. "ಅಮ್ಮಾರ, ಗುರುವಾರ ಶುಗರ್ ಚೆಕ್ ಐತ್ರಿ, ಏನೂ ತಿನ್ನದ ಬರ್ರಿ." ಅವ್ವ ಇದನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಾಳೆ. ಓದುವ ಕಷ್ಟವಿಲ್ಲ. ಜೋಳದ ರೊಟ್ಟಿ ಎಷ್ಟು ತಿನ್ನಲಿ ಅಂತ ತಾನೂ ಮೈಕ್ ಒತ್ತಿ ಕೇಳುತ್ತಾಳೆ. ಉತ್ತರ ಗೊತ್ತಿಲ್ಲದಿದ್ದರೆ ಆಕೆ ಡಾಕ್ಟರನ್ನು ಕೇಳಿ ಹೇಳುತ್ತಾಳೆ.

ಆದರೂ ಇದು ಎಲ್ಲರಿಗೂ ಒಗ್ಗುವುದಿಲ್ಲ. ಸುಮಾರು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವುದು ಮಗನ ಕೈಯಲ್ಲಿ, ಇಲ್ಲವೇ ಗಂಡನ ಕೈಯಲ್ಲಿ. ಶುಗರ್, ಬಿಪಿ ಅಂದರೆ ಯಾರು ಕೇಳಿಸಿಕೊಂಡರೂ ನಡೆಯುತ್ತದೆ. ಮುಟ್ಟಿನ ತೊಂದರೆ, ಗರ್ಭ ನಿಲ್ಲದ್ದು, ಮನಸ್ಸಿನ ಸಂಕಟ ಅಂಥ ಫೋನಿನಲ್ಲಿ ಜೋರಾಗಿ ಕೇಳಿಸಿದರೆ ಆ ಹೆಣ್ಣುಮಗಳು ಮತ್ತೆ ಏನನ್ನೂ ಕೇಳುವುದಿಲ್ಲ. ಪಕ್ಕದ ಮನೆಯಾಕೆ ಆಶಾ ಅಕ್ಕನಿಗೆ "ನನಗ ಮೆಸೇಜ್ ಬ್ಯಾಡ, ಮನೀಗೆ ಬಾ" ಅಂದಿದ್ದಾಳೆ. ನಂಬರ್ ಬರೆದುಕೊಳ್ಳುವಾಗಲೇ ಈ ಫೋನ್ ಯಾರ ಹತ್ತಿರ ಇರುತ್ತದೆ ಅಂತ ಕೇಳಬೇಕು. ನಮ್ಮ ಆಶಾ ಅಕ್ಕ ಈಗ ಕೇಳುತ್ತಾಳೆ.