ಕೈಕೊಟ್ಟ ನಾಲ್ಕು ಗೇಮ್‌ಗಳು, ಒಂದು ಮಲೆನಾಡಿನ ಮಳೆಗಾಲ

2025ರ ಜುಲೈನಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಸೆಕೆಂಡ್ ಹ್ಯಾಂಡ್ ಡಿಸ್ಕ್ ಮಾರುವ ಒಂದು ಅಂಗಡಿಯಲ್ಲಿ ‘ಆಂಥೆಮ್’ ಎಂಬ ವಿಡಿಯೋ ಗೇಮ್ ಸಿಕ್ಕಿತು. 300 ರೂಪಾಯಿ. ಖುಷಿಯಿಂದ ಚಿಕ್ಕಮಗಳೂರಿಗೆ ತಂದೆ. ಮನೆಗೆ ಬಂದ ಮೇಲೆ ಗೊತ್ತಾಯಿತು, ಆ ಗೇಮಿನ ಸರ್ವರ್‌ಗಳನ್ನು, ಅಂದರೆ ನೆಟ್ ಮೂಲಕ ಅದನ್ನು ನಡೆಸುವ ಕಂಪನಿಯ ಕಂಪ್ಯೂಟರ್‌ಗಳನ್ನು, 2026ರ ಜನವರಿ 12ಕ್ಕೆ ಮುಚ್ಚುತ್ತೇವೆ ಎಂದು ಅದೇ ತಿಂಗಳ ಮೊದಲ ವಾರ ಪ್ರಕಟಿಸಿದ್ದರು. ಆಮೇಲೆ ಡಿಸ್ಕ್ ಇದ್ದರೂ ಆಡಲು ಆಗುವುದಿಲ್ಲ. ಅಂಗಡಿಯವರು ಒಂದು ಮಾತೂ ಹೇಳಿರಲಿಲ್ಲ.

ಆ ಬೇಜಾರಿನಲ್ಲೇ ಈ ಹೋಲಿಕೆ ಶುರುವಾಯಿತು. ಬಿಡುಗಡೆಯಾದ ದಿನವೇ ಜನರಿಂದ ಬೈಸಿಕೊಂಡ ಇನ್ನೂ ಮೂರು ಗೇಮ್‌ಗಳ ಡಿಸ್ಕ್ ನನ್ನ ಹತ್ತಿರ ಇದ್ದವು: ‘ನೋ ಮ್ಯಾನ್ಸ್ ಸ್ಕೈ’, ‘ಸೈಬರ್‌ಪಂಕ್ 2077’, ಮತ್ತು ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೊ) ಸರಣಿಯ ಹಳೇ ಮೂರು ಗೇಮ್‌ಗಳಿಗೆ ಹೊಸ ಬಣ್ಣ ಬಳಿದ ‘ಡೆಫಿನಿಟಿವ್ ಎಡಿಷನ್’. ಚಿಕ್ಕಪ್ಪನ ಮಗ ರಜೆಗೆ ಬಂದಿದ್ದ. ಹೊರಗೆ ಜಡಿಮಳೆ. ಆಲ್ದೂರಿನ ತೋಟಕ್ಕೂ ಹೋಗುವ ಹಾಗಿರಲಿಲ್ಲ. ಸೋನಿಯ ಒಂದೇ ಹಳೇ ಗೇಮ್ ಕನ್ಸೋಲ್ ಪಿಎಸ್4, ಒಂದೇ ಟಿವಿ, ನಾಲ್ಕು ಗೇಮ್. ಒಂದಾದ ಮೇಲೆ ಒಂದು ಆಡಿದೆವು.

ಮೊದಲು ನೆಟ್ ತೆಗೆದು ಬರೀ ಡಿಸ್ಕ್‌ನಿಂದ ಇನ್‌ಸ್ಟಾಲ್ ಮಾಡಿದೆವು. ಆಮೇಲೆ ನೆಟ್ ಕೊಟ್ಟು, ಅಪ್‌ಡೇಟ್ ಇಳಿಸಿಕೊಂಡು ಮತ್ತೆ ಆಡಿದೆವು. ಇದು ನಮ್ಮ ಊರಿಗೆ ತಕ್ಕ ಪರೀಕ್ಷೆ. ಮಳೆಗಾಲದಲ್ಲಿ ಇಲ್ಲಿ ಒಂದು ಸಿಲ್ವರ್ ಮರದ ಕೊಂಬೆ ಬಿದ್ದರೆ ಸಾಕು, ಕರೆಂಟೂ ಹೋಗುತ್ತದೆ, ಕೇಬಲ್ಲೂ ಹೋಗುತ್ತದೆ. ಕರೆಂಟ್ ಸಂಜೆಗೆ ಬಂದರೂ ನೆಟ್ ಬರಲು ಎರಡು ದಿನ ಬೇಕು. ದುಡ್ಡು ಕೊಟ್ಟವನ ಕೈಯಲ್ಲಿ ಆಗ ಏನು ಉಳಿದಿರುತ್ತದೆ ಅನ್ನುವುದೇ ನನಗೆ ಮುಖ್ಯ.

ಜಿಟಿಎಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದರ ಮೇಲೆ ನನಗಿರುವ ಪ್ರೀತಿ ಜಾಸ್ತಿ. ‘ವೈಸ್ ಸಿಟಿ’ 2002ರದ್ದು, ‘ಸ್ಯಾನ್ ಆಂಡ್ರಿಯಾಸ್’ 2004ರದ್ದು. ನಮ್ಮ ವಯಸ್ಸಿನವರು ಇವನ್ನು ಆಡಿದ್ದು ಸೈಬರ್ ಕೆಫೆಯಲ್ಲಿ. ಶಾಲೆ ಬಿಟ್ಟ ಮೇಲೆ ಐ.ಜಿ. ರೋಡಿನ ಕಡೆ ಓಡುವುದು, ಒಬ್ಬ ಆಡುವುದು, ಮೂವರು ಹಿಂದೆ ನಿಂತು ‘ಎಡಕ್ಕೆ ತಿರುಗಿಸೋ’ ಎಂದು ಕೂಗುವುದು. ಅದಕ್ಕೇ 2021ರ ನವೆಂಬರ್ 11ರಂದು ಮೂರೂ ಹೊಸ ರೂಪದಲ್ಲಿ ಬರುತ್ತವೆ ಎಂದಾಗ ಎಷ್ಟು ಜನ ಕಾದು ಕೂತಿದ್ದರು!

ಬಂದದ್ದು ಬೇರೆಯೇ. ಪಿಸಿ ಆವೃತ್ತಿ ಬಿಡುಗಡೆಯ ಬೆನ್ನಲ್ಲೇ ಕೆಲವು ದಿನ ಮಾರಾಟದಿಂದಲೇ ಮಾಯವಾಯಿತು. ಪಾತ್ರಗಳ ಮುಖ ಪ್ಲಾಸ್ಟಿಕ್ ಗೊಂಬೆಯ ಹಾಗೆ. ಹಳೇ ಚಿತ್ರಗಳನ್ನು ಕಂಪ್ಯೂಟರ್‌ನಿಂದ ದೊಡ್ಡದು ಮಾಡಿಸಿ ಸರಿಯಾಗಿ ಕಣ್ಣಾಡಿಸದೆ ಬಿಟ್ಟಿದ್ದರಿಂದ ಬೋರ್ಡುಗಳ ಅಕ್ಷರಗಳೇ ತಪ್ಪಿದ್ದವು. ‘ಟಫ್ ನಟ್’ ಎಂಬ ಡೋನಟ್ ಅಂಗಡಿಯ ಮೇಲೆ ಬೋಲ್ಟಿಗೆ ಹಾಕುವ ಆರು ಮೂಲೆಯ ನಟ್ಟಿನ ಆಕಾರ ಇತ್ತು. ಅದೇ ಆ ಹೆಸರಿನ ತಮಾಷೆ. ಹೊಸದರಲ್ಲಿ ಮೂಲೆಗಳನ್ನು ನುಣ್ಣಗೆ ಮಾಡಿ ಅದನ್ನು ದುಂಡಗೆ ಮಾಡಿಟ್ಟಿದ್ದರು. ಕೆಲಸ ಮಾಡಿದವರಿಗೆ ಗೇಮ್ ಅರ್ಥವೇ ಆಗಿರಲಿಲ್ಲ ಅನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಳೆಯ ವಿಷಯ ಹೇಳಲೇಬೇಕು. ಅದರಲ್ಲಿ ಮಳೆ ಅಂದರೆ ಪರದೆಯ ತುಂಬ ಎಳೆದ ಬಿಳಿ ಗೆರೆಗಳು. ಎದುರಿನ ರಸ್ತೆಯೇ ಕಾಣುವುದಿಲ್ಲ ಎಂದು ಆಟಗಾರರೆಲ್ಲ ದೂರಿದ್ದರು. ಸೋನೆ, ಜಡಿ, ತುಂತುರು ಎಂದು ಮಳೆಗೆ ಹತ್ತು ಹೆಸರಿಟ್ಟಿರುವ ಊರಿನವರು ನಾವು. ಅದನ್ನು ಮಳೆ ಎಂದು ಒಪ್ಪಲು ನಮಗೆ ಮನಸ್ಸು ಬರಲಿಲ್ಲ.

ಮಂಜಿನ ವಿಷಯ ಇನ್ನೂ ದೊಡ್ಡದು. ಹಳೇ ‘ಸ್ಯಾನ್ ಆಂಡ್ರಿಯಾಸ್’ನಲ್ಲಿ ದೂರದ ಜಾಗವೆಲ್ಲ ಮಬ್ಬು. ಆ ಕಾಲದ ಕನ್ಸೋಲ್ ಪಿಎಸ್2ಗೆ ಅಷ್ಟು ದೂರ ತೋರಿಸುವ ಶಕ್ತಿ ಇರಲಿಲ್ಲ, ಅದಕ್ಕೆ ಮಂಜು ಹಾಕಿ ಮುಚ್ಚಿದ್ದರು. ಆದರೆ ಆ ಮಂಜಿನಿಂದಲೇ ಒಂದು ಊರಿಂದ ಇನ್ನೊಂದಕ್ಕೆ ಹೋಗುವುದು ದೂರದ ಪಯಣ ಅನ್ನಿಸುತ್ತಿತ್ತು. ಹೊಸದರಲ್ಲಿ ಮಂಜನ್ನು ಸರಿಸಿಬಿಟ್ಟರು. ಗೇಮಿನ ಚಿಲಿಯಾಡ್ ಬೆಟ್ಟದ ತುದಿಯಲ್ಲಿ ನಿಂತರೆ ಇಡೀ ರಾಜ್ಯ ಅಂಗೈಯಗಲ ಕಾಣುತ್ತಿತ್ತು. ಮುಳ್ಳಯ್ಯನಗಿರಿ ಹತ್ತಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1,930 ಮೀಟರ್ ಮೇಲೆ ನಿಂತಾಗ ಮಂಜು ತೆರೆದು ಮುಚ್ಚುತ್ತಿದ್ದರೆ ಕೆಳಗಿನ ಜಗತ್ತಿಗೆ ಕೊನೆಯೇ ಇಲ್ಲ ಅನ್ನಿಸುತ್ತದೆ, ಅಲ್ವಾ?

2024ರ ನವೆಂಬರ್‌ನ ಅಪ್‌ಡೇಟ್‌ನಲ್ಲಿ ಆ ಮಂಜನ್ನೂ ಹಳೇ ಬೆಳಕನ್ನೂ ವಾಪಸ್ ತಂದರು. ಅದನ್ನು ಹಾಕಿಕೊಂಡು ನಾವು ಆಡಿದೆವು. ನಿಜವಾಗಿಯೂ ಚೆನ್ನಾಗಿದೆ. ಚಿಕ್ಕಪ್ಪನ ಮಗ ಮೊದಲ ಸಲ ಆಡಿದ್ದು, ಅವನಿಗೆ ಬಹಳ ಹಿಡಿಸಿತು. ಮೂರು ವರ್ಷ ತಡವಾಗಿ ಬಂದರೂ ನೆಟ್ ಇಲ್ಲದೆ ಕೂತು ಆಡಬಹುದು. ಆದರೆ ಒಂದು ವಿಷಯ ನಾನು ಮರೆಯುವುದಿಲ್ಲ. ಹೊಸದು ಬರುವ ಮುಂಚೆ ಹಳೇ ಮೂರನ್ನೂ ಆನ್‌ಲೈನ್ ಅಂಗಡಿಗಳಿಂದ ತೆಗೆದಿದ್ದರು. ಗಲಾಟೆಯಾದ ಮೇಲೆ ಕ್ಷಮೆ ಕೇಳಿ, ಪಿಸಿಯಲ್ಲಿ ಕೊಂಡವರಿಗೆ ಹಳೆಯವನ್ನೂ ಕೊಟ್ಟರು. ಚೆನ್ನಾಗಿದ್ದ ಹಳೇ ಮನೆ ಕೆಡವಿದ ಮೇಲೆ ಹೊಸ ಮನೆ ಸೋರುತ್ತದೆ ಎಂದು ಗೊತ್ತಾದ ಹಾಗಾಯಿತು.

‘ಸೈಬರ್‌ಪಂಕ್ 2077’ರ ಕಥೆ ಬಹಳ ಜನರಿಗೆ ಗೊತ್ತಿದೆ. 2012ರಲ್ಲಿ ಘೋಷಣೆ, 2020ರಲ್ಲಿ ಮೂರು ಸಲ ಮುಂದಕ್ಕೆ ಹೋಗಿ, ಕೊನೆಗೆ ಡಿಸೆಂಬರ್ 10ಕ್ಕೆ ಬಿಡುಗಡೆ. ಅದಕ್ಕೂ ಮುಂಚೆ ವಿಮರ್ಶಕರಿಗೆ ಕೊಟ್ಟದ್ದು ಪಿಸಿ ಆವೃತ್ತಿ ಮಾತ್ರ. ಪಿಎಸ್4ನಲ್ಲಿ ಹೇಗಿದೆ ಎಂದು ಯಾರಿಗೂ ತೋರಿಸಲಿಲ್ಲ. ತೋರಿಸಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ. ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಸ್ಟೋರ್‌ನಿಂದ ತೆಗೆದು, ಕೇಳಿದವರಿಗೆ ಹಣ ವಾಪಸ್ ಕೊಟ್ಟಿತು. ಮತ್ತೆ ಸ್ಟೋರಿಗೆ ಬಂದದ್ದು 2021ರ ಜೂನ್‌ನಲ್ಲಿ.

ಈಗ ಎಲ್ಲರೂ ‘ಸೈಬರ್‌ಪಂಕ್ ಸರಿಯಾಯಿತು’ ಅನ್ನುತ್ತಾರೆ. ಹಾಸನದಲ್ಲಿ ಒಬ್ಬ ಗೆಳೆಯನ ಪಿಸಿಯಲ್ಲಿ 2.0 ಆವೃತ್ತಿ ಆಡಿದ್ದೇನೆ. ಸರಿಯಾಗಿದೆ ಅನ್ನುವುದು ಸತ್ಯ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಆ ಅಪ್‌ಡೇಟ್‌ನಲ್ಲಿ ಪೊಲೀಸರು ಬೆನ್ನಟ್ಟುವ ರೀತಿ, ಪಾತ್ರಕ್ಕೆ ಶಕ್ತಿ ಬೆಳೆಸುವ ಕ್ರಮ, ಎಲ್ಲವನ್ನೂ ಹೊಸದಾಗಿ ಕಟ್ಟಿದರು. ಇಂಥ ಊರಿನ ರಾತ್ರಿಯನ್ನು ನಾನು ಬೇರೆ ಗೇಮಿನಲ್ಲಿ ನೋಡಿಲ್ಲ.

ಆದರೆ ಆ 2.0 ಪಿಎಸ್4ಗೆ ಬರಲೇ ಇಲ್ಲ. 2022ರ 1.6 ಆವೃತ್ತಿಯ ಹೊತ್ತಿಗೆ ಹಳೇ ಕನ್ಸೋಲ್‌ಗಳಿಗೆ ದೊಡ್ಡ ಅಪ್‌ಡೇಟ್ ನಿಂತವು. ಯೋಚಿಸಿ ನೋಡಿ. ಮೊದಲ ದಿನ ಅತಿ ಹೆಚ್ಚು ಪೆಟ್ಟು ತಿಂದವರು ಯಾರು? ಪಿಎಸ್4, ಎಕ್ಸ್‌ಬಾಕ್ಸ್ ಒನ್ ಇದ್ದವರು. ಸರಿ ಮಾಡಿದ ಗೇಮ್ ಸಿಕ್ಕಿದ್ದು ಯಾರಿಗೆ? ಹೊಸ ಯಂತ್ರ ಕೊಳ್ಳಲು ಶಕ್ತಿ ಇದ್ದವರಿಗೆ. ನನ್ನ ಪಿಎಸ್4ನಲ್ಲಿ ಈಗಿನ ಆವೃತ್ತಿ ಕಥೆ ಮುಗಿಸುವಷ್ಟು ಓಡುತ್ತದೆ. ಅದನ್ನು ಇಳಿಸಲು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮೂರು ರಾತ್ರಿ ಬೇಕಾಯಿತು. ನಮ್ಮಂಥ ಊರುಗಳಲ್ಲಿ ಒಂದು ಕನ್ಸೋಲ್ ಅಂದರೆ ಹತ್ತು ವರ್ಷದ ಮಾತು. ‘ಗೇಮ್ ಸುಧಾರಿಸಿತು’ ಎಂದು ಹೊಗಳುವವರ ಲೆಕ್ಕಕ್ಕೆ ಇದು ಬರುವುದೇ ಇಲ್ಲ.

‘ನೋ ಮ್ಯಾನ್ಸ್ ಸ್ಕೈ’ ಇದಕ್ಕೆ ಪೂರ್ತಿ ಉಲ್ಟಾ. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಹಲೋ ಗೇಮ್ಸ್ ಎಂಬ ಚಿಕ್ಕ ತಂಡ 2016ರ ಆಗಸ್ಟ್‌ನಲ್ಲಿ ತಂದ ಗೇಮ್ ಇದು. ಗಣಿತದ ಸೂತ್ರದಿಂದ ಹುಟ್ಟುವ ಗ್ರಹಗಳು, ಸಂಖ್ಯೆ ಬರೆದರೆ 20 ಅಂಕಿ. ಬೇರೆ ಆಟಗಾರರು ಎದುರಾಗಬಹುದು ಎಂದು ತಂಡದ ಮುಖ್ಯಸ್ಥ ಶಾನ್ ಮರ್ರೆ ಸಂದರ್ಶನಗಳಲ್ಲಿ ಹೇಳಿದ್ದರು. ಬಿಡುಗಡೆಯ ಹೊತ್ತಿಗೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಲಿಲ್ಲ.

ಡಿಸ್ಕ್‌ನಲ್ಲಿರುವ ಮೊದಲ ಆವೃತ್ತಿಯನ್ನು ನೆಟ್ ಇಲ್ಲದೆ ಆಡಿದೆವು. ಬಣ್ಣ ಚಂದ, ಸಂಗೀತ ಚಂದ. ಕಲ್ಲು ಒಡೆಯುವುದು, ಇಂಧನ ತುಂಬುವುದು, ಇನ್ನೊಂದು ಗ್ರಹಕ್ಕೆ ಹಾರುವುದು. ಮನೆ ಕಟ್ಟುವ ಹಾಗಿಲ್ಲ, ಓಡಿಸಲು ಗಾಡಿ ಇಲ್ಲ. ಐದನೇ ಗ್ರಹದ ಹೊತ್ತಿಗೆ ತಮ್ಮ ಆಕಳಿಸುತ್ತಿದ್ದ. 2016ರಲ್ಲಿ 60 ಡಾಲರ್ ಕೊಟ್ಟವರಿಗೆ ಯಾಕೆ ಸಿಟ್ಟು ಬಂತು ಎಂದು ಆಗ ಪೂರ್ತಿ ತಿಳಿಯಿತು.

ಆಮೇಲೆ ನೆಟ್ ಕೊಟ್ಟೆವು. ಬೇರೆಯೇ ಗೇಮ್! 2016ರ ನವೆಂಬರ್‌ನಲ್ಲಿ ಮನೆ ಕಟ್ಟುವುದು ಬಂತು, 2017ರಲ್ಲಿ ಗಾಡಿಗಳು, 2018ರ ಜುಲೈನಲ್ಲಿ ಜೊತೆಯಾಗಿ ಆಡುವುದು. ಎಲ್ಲವೂ ಬಿಟ್ಟಿ. ಬಿಡುಗಡೆಯ ಗಲಾಟೆಯಾದ ಮೇಲೆ ಆ ತಂಡ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಸುಮ್ನೆ ಕೂತು ಕೆಲಸ ಮಾಡಿತು. ಆ ಮೌನದಿಂದ ಆಗ ಜನರಿಗೆ ಇನ್ನಷ್ಟು ಕೋಪ ಬಂದಿತ್ತು, ಅದೂ ನ್ಯಾಯವೇ. ಆದರೆ ಮೊದಲ ದಿನ ಪಿಎಸ್4 ಡಿಸ್ಕ್ ಕೊಂಡವರನ್ನು ಅವರು ದಾರಿಯಲ್ಲಿ ಬಿಟ್ಟು ಹೋಗಲಿಲ್ಲ. ಒಮ್ಮೆ ಅಪ್‌ಡೇಟ್ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಒಬ್ಬರೇ ಆಡಬಹುದು. ಆ ಮಳೆಗಾಲದಲ್ಲಿ ನೆಟ್ ಸತ್ತ ಮೂರು ದಿನ ನಾವಿಬ್ಬರೂ ಆಡಿದ್ದು ಇದನ್ನೇ. ತಮ್ಮ ಒಂದು ಹಸಿರು ಗ್ರಹದ ಗುಡ್ಡದ ಮೇಲೆ ಮನೆ ಕಟ್ಟಿ, ಅದಕ್ಕೆ ನಮ್ಮ ತೋಟದ ಹೆಸರಿಟ್ಟ. ನಾಲ್ಕರಲ್ಲಿ ಒಂದನ್ನೇ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಕೊನೆಗೆ ‘ಆಂಥೆಮ್’. ನೆಟ್ ತೆಗೆದು ಆಡುವ ಪರೀಕ್ಷೆ ಇಲ್ಲಿ ನಡೆಯುವುದೇ ಇಲ್ಲ. ಗೇಮ್ ಒಳಗೆ ಬಿಡುವುದಿಲ್ಲ. ಒಬ್ಬರೇ ಆಡಿದರೂ ಸರ್ವರ್ ಬೇಕು. 2019ರ ಫೆಬ್ರವರಿ 22ಕ್ಕೆ ಬಂದಾಗ ಇದರ ಕಾಯಿಸುವ ಲೋಡಿಂಗ್ ಪರದೆಗಳ ಬಗ್ಗೆ ದೂರಿದವರೇ ಎಲ್ಲ. ಮೊದಲ ಹಂತದಲ್ಲೇ ಕೊಡುವ ಸಾಧಾರಣ ಬಂದೂಕು ಕಷ್ಟಪಟ್ಟು ಗಳಿಸಿದ ಬಂದೂಕುಗಳಿಗಿಂತ ಜಾಸ್ತಿ ಹೊಡೆಯುತ್ತಿತ್ತು ಎಂಬುದನ್ನು ಆಟಗಾರರೇ ಕಂಡುಹಿಡಿದರು. ಒಳ್ಳೇ ಬಂದೂಕು ಹುಡುಕುವುದೇ ಇಡೀ ಗೇಮ್ ಆಗಿರುವಾಗ ಇದು ಬುಡಕ್ಕೇ ಕೊಡಲಿ. ಹೊಸದಾಗಿ ಕಟ್ಟುತ್ತೇವೆ ಎಂದರು, 2021ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟರು.

ಆದರೆ ಹಾರುವುದು! ಲೋಹದ ಕವಚ ತೊಟ್ಟು ಬೆಟ್ಟದಿಂದ ಜಿಗಿದರೆ ಮೈ ಜುಮ್ ಅನ್ನುತ್ತಿತ್ತು. ತುಂಬ ಹೊತ್ತು ಹಾರಿದರೆ ಎಂಜಿನ್ ಕಾದುಹೋಗುತ್ತಿತ್ತು. ಆಗ ಜಲಪಾತದೊಳಗೆ ನುಗ್ಗಿದರೆ ತಣ್ಣಗಾಗುತ್ತಿತ್ತು. ಹೆಬ್ಬೆಯಲ್ಲಿ ನೀರು ಬೀಳುವ ಸದ್ದು ಕೇಳಿ ಬೆಳೆದ ನನಗೆ ಆ ಒಂದು ಕ್ಷಣ ಸಾಕಿತ್ತು. ನಾಲ್ಕು ಗೇಮ್‌ಗಳಲ್ಲಿ ಕೈಗೆ ಅತಿ ಹಿತವಾದ ಕ್ಷಣ ಇದರದ್ದೇ. ಅದಕ್ಕೇ ಸಂಕಟ ಜಾಸ್ತಿ.

‘ಕಾನ್‌ಕಾರ್ಡ್’ ಎಂಬ ಇನ್ನೊಂದು ಆನ್‌ಲೈನ್ ಗೇಮ್ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ನಾನು ಆಡಿಲ್ಲ. ಕೊಂಡವರಿಗೆಲ್ಲ ಹಣ ವಾಪಸ್ ಕೊಟ್ಟರು. ‘ಆಂಥೆಮ್’ ಕೊಂಡವರಿಗೆ ಅದೂ ಇಲ್ಲ.

ಜನವರಿ ಅಂದರೆ ನಮಗೆ ಕಾಫಿ ಕೊಯ್ಲಿನ ಕಾಲ. 11ನೇ ತಾರೀಖು ಭಾನುವಾರ, ಕಣದ ಕೆಲಸ ಮುಗಿಸಿ ರಾತ್ರಿ ಕೂತು ಒಂದು ಗಂಟೆ ಹಾರಿದೆ. ಗುರಿ ಏನೂ ಇರಲಿಲ್ಲ. ಒಂದು ಜಲಪಾತದಿಂದ ಇನ್ನೊಂದಕ್ಕೆ. ಎರಡು ದಿನ ಬಿಟ್ಟು ಡಿಸ್ಕ್ ಹಾಕಿದಾಗ ಗೇಮ್ ಒಳಗೆ ಬಿಡಲಿಲ್ಲ. ಫೋನಿನಲ್ಲಿ ತಮ್ಮ ಕೇಳಿದ, ‘ಅಣ್ಣ, ಬೆಂಗಳೂರಿಗೆ ಹೋದಾಗ ಅದೇ ಅಂಗಡಿಗೆ ಮಾರಿಬಿಡೋಣ್ವಾ? ನೂರು ರೂಪಾಯಾದರೂ ಬರುತ್ತೆ.’

ಬೇಡ ಅಂದೆ. ಅವರು ಅದನ್ನು ಇನ್ನೊಬ್ಬನಿಗೆ ಏನೂ ಹೇಳದೆ ಮಾರುತ್ತಾರೆ. ಡಿಸ್ಕ್ ಈಗ ನನ್ನ ಕಪಾಟಿನಲ್ಲೇ ಇದೆ.