ಗ್ಲೆನ್ ಟಿಲ್ಟ್‌ಗೆ ಬಾಡಿಗೆ ಸೈಕಲ್ ತಗೊಂಡು ಹೋಗುವ ಮುಂಚೆ ಬ್ರೇಕ್ ಪ್ಯಾಡ್ ಕಣ್ಣಾರೆ ನೋಡಿ

ಸ್ಕಾಟ್ಲೆಂಡಿನ ಗ್ಲೆನ್ ಟಿಲ್ಟ್ ಕಣಿವೆಯಲ್ಲಿ ನಮ್ಮ ಗುಂಪಿನ ಬಾಡಿಗೆ ಮೌಂಟನ್ ಬೈಕೊಂದರ ಹಿಂದಿನ ಬ್ರೇಕ್ ನಡುದಾರಿಯಲ್ಲಿ ಪೂರ್ತಿ ಕೈಕೊಟ್ಟಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಫಾರೆಸ್ಟ್ ಲಾಡ್ಜ್‌ನಿಂದ ಬ್ಲೇರ್ ಅಥೊಲ್ ಊರಿನವರೆಗೆ ಸುಮಾರು 13 ಕಿ.ಮೀ. ಸೈಕಲ್ ತಳ್ಳಬೇಕಾಯಿತು. ಗೀರು ಬಿದ್ದ ಡಿಸ್ಕಿನ (ಬ್ರೇಕ್ ಪ್ಯಾಡ್ ಒತ್ತಿ ಹಿಡಿಯುವ, ಚಕ್ರದ ಲೋಹದ ತಟ್ಟೆ) ದುಡ್ಡನ್ನು ಅಂಗಡಿಯವರು ಠೇವಣಿಯಲ್ಲೇ ಹಿಡಿದುಕೊಂಡರು.

ಬ್ರೇಮಾರ್ ಹತ್ತಿರದ ಲಿನ್ ಆಫ್ ಡೀಯಿಂದ ಬ್ಲೇರ್ ಅಥೊಲ್‌ಗೆ ಈ ದಾರಿ ಸುಮಾರು 35 ಕಿ.ಮೀ. ನಡುವೆ ಟಾರ್ ರಸ್ತೆಯಿಲ್ಲ, ಅಂಗಡಿಯಿಲ್ಲ, ಬಹುಪಾಲು ಕಡೆ ಸಿಗ್ನಲ್ಲೂ ಇಲ್ಲ. ವೈಟ್ ಬ್ರಿಡ್ಜ್ ಆದಮೇಲೆ ಸಿಗುವ ಗೆಲ್ಡಿ ಹೊಳೆಯನ್ನು ನೀರಿಗಿಳಿದೇ ದಾಟಬೇಕು. ಮಳೆ ಬಂದು ನೀರು ಮೊಣಕಾಲು ಮುಟ್ಟಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಮುಂದೆ ಟಾರ್ಫ್ ಹೊಳೆಗಿರುವ ಬೆಡ್‌ಫರ್ಡ್ ಸೇತುವೆಯನ್ನು 1886ರಲ್ಲಿ ಕಟ್ಟಿದ್ದೇ, 1879ರಲ್ಲಿ ಅಲ್ಲಿ ಮುಳುಗಿ ಸತ್ತ 18 ವರ್ಷದ ಹುಡುಗನ ನೆನಪಿಗೆ.

ಬ್ರೇಕ್ ಹೋಗಿದ್ದು ಈ ನೀರು ಮತ್ತು ಮರಳಿನಿಂದಲೇ. 1785ರಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ ಹುಡುಕಿಕೊಂಡು ಬಂದ ಗ್ರಾನೈಟ್ ಇದೇ ಕಣಿವೆಯದು. ಅಂಥ ಕಲ್ಲಿನ ಪುಡಿಯಲ್ಲಿ ಗಟ್ಟಿ ಕ್ವಾರ್ಟ್ಜ್ ಕಣಗಳಿರುತ್ತವೆ. ಒದ್ದೆಯಾದಾಗ ಅವು ಪ್ಯಾಡ್ ಮತ್ತು ಡಿಸ್ಕಿನ ನಡುವೆ ಸೇರಿ ಸಾಣೆ ಹಿಡಿದ ಹಾಗೆ ಅರೆಯುತ್ತವೆ. ಅಗ್ಗದ ಬಾಡಿಗೆ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಹಾಕಿರುವ ರೆಸಿನ್ (ರಾಳದಿಂದ ಅಂಟಿಸಿ ಮಾಡಿದ) ಪ್ಯಾಡ್ ಮೆತ್ತಗಿರುವುದರಿಂದ ಬೇಗ ಸವೆಯುತ್ತದೆ. ಅರ್ಧ ಸವೆದದ್ದಾದರೆ ಮಳೆಗಾಲದ ಒಂದೇ ಸವಾರಿಗೆ ಮುಗಿದುಹೋಗಬಹುದು.

ಬಾಡಿಗೆ ಕೊಡುವಾಗ ಲಿವರ್ ಒತ್ತಿ ತೋರಿಸಿ "ಬ್ರೇಕ್ ಚೆನ್ನಾಗಿದೆ" ಅಂದರೆ ಒಪ್ಪಿಕೊಳ್ಳಬೇಡಿ. ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕಿನಲ್ಲಿ ಪ್ಯಾಡ್ ಸವೆದಷ್ಟೂ ಅದನ್ನು ತಳ್ಳುವ ಪಿಸ್ಟನ್ ತಾನಾಗಿ ಮುಂದೆ ಬರುತ್ತದೆ. ಹಾಗಾಗಿ ಸಾಯುವ ಹಂತದಲ್ಲಿರುವ ಪ್ಯಾಡ್ ಇದ್ದರೂ ಲಿವರ್ ಗಟ್ಟಿಯಾಗಿಯೇ ಸಿಗುತ್ತದೆ. ನಮಗೆ ಆಗಿದ್ದೂ ಇದೇ. ಚಕ್ರ ಬಿಚ್ಚಿಸಿ, ಪ್ಯಾಡ್‌ಗಳು ಕೂತಿರುವ ಕ್ಯಾಲಿಪರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಲೋಹದ ತಗಡಿನ ಮೇಲೆ ಅಂಟಿರುವ ಮಸಿಬಣ್ಣದ ಪದರವೇ ಲೆಕ್ಕಕ್ಕೆ ಬರುವುದು. ಸೈಕಲ್ ಬಿಡಿಭಾಗ ತಯಾರಿಸುವ ಶಿಮಾನೊ ಕಂಪನಿ ಪ್ರಕಾರ ಅದು 0.5 ಮಿ.ಮೀ.ಗೆ ಬಂದರೆ ಬದಲಾಯಿಸಲೇಬೇಕು. ಈ ದಾರಿಗೆ 1.5 ಮಿ.ಮೀ.ಗಿಂತ ಕಡಿಮೆ ಇದ್ದರೆ ಹೊಸದು ಹಾಕಿಸಿಕೊಳ್ಳಿ. ಡಿಸ್ಕ್, ಪ್ಯಾಡ್ ಎರಡರದ್ದೂ ಫೋಟೊ ಇರಲಿ, ಠೇವಣಿ ಜಗಳಕ್ಕೆ ಅದೇ ಸಾಕ್ಷಿ.

ಸ್ಪೇರ್ ಪ್ಯಾಡ್ ಜೊತೆಯಲ್ಲಿತ್ತು, ಆದರೆ ಅಂಗಡಿಯವರು ಕೊಟ್ಟದ್ದು ಬೇರೆ ಮಾದರಿಯ ಕ್ಯಾಲಿಪರಿನದು, ಒಳಗೆ ಕೂರಲೇ ಇಲ್ಲ. ಹೊರಡುವ ಮೊದಲೇ ಹಳೆಯದರ ಪಕ್ಕದಲ್ಲಿಟ್ಟು ಆಕಾರ ಹೋಲಿಸಿ. ಡಿಸ್ಕಿನ ಮೇಲಿನ ಅಕ್ಷರವನ್ನೂ ಓದಿ: "ರೆಸಿನ್ ಪ್ಯಾಡ್ ಓನ್ಲಿ" ಎಂದಿದ್ದರೆ ಅದಕ್ಕೆ ಸಿಂಟರ್ಡ್ (ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ ಗಟ್ಟಿ) ಪ್ಯಾಡ್ ಹಾಕಬಾರದು, ಡಿಸ್ಕೇ ಹಾಳಾಗುತ್ತದೆ. ಸಿಂಟರ್ಡ್ ತಡೆಯುವ ಡಿಸ್ಕ್ ಇದ್ದರೆ ಒದ್ದೆ ದಾರಿಗೆ ಅದೇ ಒಳ್ಳೆಯದು.

ದಾರಿಯಲ್ಲಿ ಬದಲಾಯಿಸುವಾಗ ಚಕ್ರ ಬಿಚ್ಚಿ, ಹಳೆಯ ಪ್ಯಾಡ್ ಒಳಗಿರುವಾಗಲೇ ಪ್ಲಾಸ್ಟಿಕ್ ಟೈರ್ ಲಿವರಿನಿಂದ ಪಿಸ್ಟನ್‌ಗಳನ್ನು ಹಿಂದಕ್ಕೆ ತಳ್ಳಿ. ಆಮೇಲೆ ಪ್ಯಾಡ್ ಹಿಡಿದಿರುವ ಪಿನ್ ತೆಗೆದು ಹೊಸದು ಕೂರಿಸಿ. ಮೇಲ್ಮೈಗೆ ಎಣ್ಣೆ ಕೈ ತಾಗಬಾರದು. ಚಕ್ರ ಹೊರಗಿರುವಾಗ ಬ್ರೇಕ್ ಒತ್ತಲೇಬೇಡಿ. ಚಕ್ರ ಹಾಕಿ, ಗಟ್ಟಿಯಾಗುವವರೆಗೆ ಲಿವರ್ ಒತ್ತಿ, ಸಮತಟ್ಟು ಜಾಗದಲ್ಲಿ ಇಪ್ಪತ್ತು ಸಲವಾದರೂ ವೇಗ ಇಳಿಸಿ ಪ್ಯಾಡ್ ಪಳಗಿಸಿ. ಅಲ್ಲಿಯವರೆಗೆ ಹಿಡಿತ ಅರ್ಧವೂ ಇರುವುದಿಲ್ಲ.

ಕಿರ್ರೆನ್ನುವ ಶಬ್ದ ಹೋಗಿ ಲೋಹ ಕೆರೆಯುವ ಒರಟು ಶಬ್ದ ಶುರುವಾದರೆ ತಕ್ಷಣ ನಿಲ್ಲಿಸಿ. ಒಂದು ಬ್ರೇಕ್ ಸಾಕು ಎಂದು ಇಳಿಯಲು ಹೋಗಬೇಡಿ; ಇನ್ನೊಂದೂ ಅದೇ ಮರಳಿನಲ್ಲಿ ಬಂದಿದೆ. ಬೆಡ್‌ಫರ್ಡ್ ಸೇತುವೆಯ ಆಸುಪಾಸಿನ ಕಾಲುದಾರಿ ಅಡಿ ಇಡುವಷ್ಟೇ ಅಗಲ, ಕೆಳಗೆ ಕಡಿದಾದ ಇಳಿಜಾರು. ಅಲ್ಲಿ ಬಿದ್ದರೆ 999ಕ್ಕೆ ಕರೆಮಾಡಿ ಪೊಲೀಸ್, ನಂತರ ಮೌಂಟನ್ ರೆಸ್ಕ್ಯೂ ಕೇಳಬೇಕು. ಕರೆ ಹೋಗದ ಕಡೆ ಎಸ್ಸೆಮ್ಮೆಸ್ ಹೋಗುವುದುಂಟು, ಆದರೆ ಬ್ರಿಟನ್ ಸಿಮ್‌ನಿಂದ ಮೊದಲೇ ನೋಂದಾಯಿಸಿರಬೇಕು. ಅದನ್ನು ಹೋಟೆಲಿನಲ್ಲಿರುವಾಗಲೇ ಮಾಡಿಕೊಳ್ಳಿ.