ಮೂರು ಮಳೆಗಾಲ ಕಂಡ 4:3 ಕ್ಯಾಮೆರಾ: ಪ್ರಿಂಟಿನಲ್ಲಿ ಬಾಸಿಂಗ ಹೋಯಿತು, ತೋಟದಲ್ಲಿ ಮನಸ್ಸು ಗೆದ್ದಿತು

20 ಮೆಗಾಪಿಕ್ಸೆಲ್‌ನ ಮೈಕ್ರೋ ಫೋರ್ ಥರ್ಡ್ಸ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ ಇದು. ಫೋಕಸ್, ಬ್ಯಾಟರಿ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಬಿಡಿ. ಕಾಡಿದ್ದು ಚಿತ್ರದ ಅನುಪಾತ, ಅಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಲೆಕ್ಕ.

ಬೆಳಕು ಹಿಡಿಯುವ ಸೆನ್ಸರ್ 4:3. ಶಿವಮೊಗ್ಗದ ಲ್ಯಾಬುಗಳಲ್ಲಿ ಸೈಜು ಹೇಳದಿದ್ದರೆ ಸಿಗುವುದು 4×6 ಇಂಚು, ಅಂದರೆ 3:2. 36×24 ಮಿ.ಮೀ. ಫಿಲ್ಮಿನ ಕಾಲದ ಅಳತೆ ಅದು. ಫೈಲು ಹಾಗೇ ಕೊಟ್ಟರೆ ಕಾಗದ ತುಂಬಿಸಲು ಎತ್ತರದ ಒಂಬತ್ತನೇ ಒಂದು ಪಾಲು ಕತ್ತರಿಸಿ ಹೋಗುತ್ತದೆ, ಮೇಲೆ ಅರ್ಧ, ಕೆಳಗೆ ಅರ್ಧ. ಮದುವೆ ಫೋಟೋದಲ್ಲಿ ಮೇಲಿನ ಅರ್ಧವೆಂದರೆ ಬಾಸಿಂಗದ ತುದಿ, ಕೆಳಗಿನದ್ದು ಕಾಲುಂಗುರ ತೊಟ್ಟ ಪಾದ. ಪ್ರಿಂಟು ಕೈಗೆ ಬಂದ ಮೇಲೆ ಯಾರಿಗೂ ಸಮಾಧಾನ ಹೇಳಲಾಗದು. ಈ ತೊಂದರೆಯನ್ನು ಅಂಗಡಿಯವರು ಕ್ಯಾಮೆರಾ ಮಾರುವಾಗಲೇ ಹೇಳಬೇಕಿತ್ತು.

ಉಪಾಯವಿದೆ. ಕಂಪ್ಯೂಟರಿನಲ್ಲಿ 1800×1200 ಪಿಕ್ಸೆಲ್‌ನ ಬಿಳಿ ಹಾಳೆ ತೆರೆದು, ಚಿತ್ರವನ್ನು 1600×1200ಕ್ಕೆ ಇಳಿಸಿ ನಡುವೆ ಇಡಿ. ಎರಡೂ ಬದಿ 100 ಪಿಕ್ಸೆಲ್ ಬಿಳಿ ಪಟ್ಟಿ ಉಳಿಯುತ್ತದೆ, ಚಿತ್ರ ಪೂರ್ತಿ ಬರುತ್ತದೆ. ಲ್ಯಾಬಿನಲ್ಲಿ 6×8 ಇದ್ದರೆ ಈ ಕಷ್ಟವೇ ಇಲ್ಲ, ಅದು ನೇರ 4:3. ಗೋಡೆಗೆ ಹಾಕುವ 8×10 ಫ್ರೇಮಿಗಂತೂ 4:3 ಒಳ್ಳೆಯದೇ: ಉದ್ದದಲ್ಲಿ ಹದಿನಾರನೇ ಒಂದು ಪಾಲು ಮಾತ್ರ ಹೋಗುತ್ತದೆ. 3:2 ಚಿತ್ರದಲ್ಲಾದರೆ ಆರನೇ ಒಂದು ಪಾಲು.

ಇನ್ನು ಅಡಿಕೆ ತೋಟ. ಇಲ್ಲಿ ಈ ಕ್ಯಾಮೆರಾ ಮೇಲಿನ ಸಿಟ್ಟೆಲ್ಲ ಇಳಿಯಿತು. ಗೊನೆ ಇಳಿಸುವವರನ್ನು ಕ್ಯಾಮೆರಾ ಉದ್ದಕ್ಕೆ ಹಿಡಿದು ತೆಗೆಯುವಾಗ 3:2 ಚೌಕಟ್ಟು ತೀರಾ ಸಪೂರ. ಗೊನೆ, ಮನುಷ್ಯ ಎರಡೂ ಸೇರುವಷ್ಟು ಅಗಲಕ್ಕೆ ಹೊಂದಿಸಿದರೆ ಸೋಗೆಗಳ ಮೇಲಿನ ಬಿಳಿ ಆಕಾಶವೂ ಒಳಗೆ ಬರುತ್ತದೆ. ಮಳೆಗಾಲದ ಆ ಬಿಳುಪಿಗೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಮುಖ ಕಪ್ಪಾಗುತ್ತದೆ. ಅದೇ ಅಗಲಕ್ಕೆ 4:3ರಲ್ಲಿ ಎತ್ತರ ಕಡಿಮೆ, ಬಿಳುಪೂ ಕಡಿಮೆ. ಪಕ್ಕದ ಸಾಲಿನ ಮರ, ಅದರ ಮೇಲೆ ಹಬ್ಬಿದ ಮೆಣಸಿನ ಬಳ್ಳಿ ತನ್ನಷ್ಟಕ್ಕೆ ಜಾಗ ಹಿಡಿಯುತ್ತದೆ. ಜೋಗದಲ್ಲಿ 253 ಮೀಟರಿನ ರಾಜಾ ಧಾರೆಯೊಂದನ್ನೇ ಉದ್ದಕ್ಕೆ ತೆಗೆಯಲೂ ಇದೇ ಚೆಂದ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಬೇಕೆಂದರೆ ಅಡ್ಡಕ್ಕೆ ಹಿಡಿದು ಮೆನುವಿನಲ್ಲಿ ಅನುಪಾತ 3:2 ಇಡಿ.

ಆದರೆ ಜೆಪೆಗ್ ಮಾತ್ರ ಉಳಿಸುತ್ತಿದ್ದರೆ ಹುಷಾರು. 16:9 ಇಟ್ಟರೆ 5184×3888ರ ಬದಲು 5184×2916 ಸಿಗುತ್ತದೆ, ಕತ್ತರಿಸಿದ್ದು ಮತ್ತೆ ಬರುವುದಿಲ್ಲ. ರಾ ಫೈಲೂ (ಸೆನ್ಸರ್ ಕಂಡದ್ದನ್ನೆಲ್ಲ ಹಾಗೇ ಇಡುವ ಫೈಲು) ಜೊತೆಗಿದ್ದರೆ ಅದರಲ್ಲಿ ಪೂರ್ತಿ ಚಿತ್ರ ಉಳಿದಿರುತ್ತದೆ, ಕಣ್ಣಿಟ್ಟು ನೋಡುವ ಫೈಂಡರಿನಲ್ಲಿ ಮಾತ್ರ ಆಯ್ದ ಚೌಕಟ್ಟು ಕಾಣುತ್ತದೆ. ಮದುವೆ ಮನೆಗೆ ಇದೇ ಸರಿ: ರಾ ಜೊತೆ ಜೆಪೆಗ್, ಅನುಪಾತ 3:2, ಬಾಸಿಂಗದ ಮೇಲೆ ಒಂದಿಷ್ಟು ಖಾಲಿ ಜಾಗ.

ಆಲ್ಬಮ್ಮಿಗೆ ಬರೀ 4×6 ಹಾಕಿಸುವವರು 3:2 ಸೆನ್ಸರಿನ ಕ್ಯಾಮೆರಾವನ್ನೇ ಕೊಳ್ಳಿ. ತೋಟ, ಕಾಡು, ಧಾರೆ ತೆಗೆಯುವವರು ಇದನ್ನು ಕೊಂಡು ಅನುಪಾತವನ್ನು ಒಂದು ಫಂಕ್ಷನ್ ಬಟನ್ನಿಗೆ ಕೊಟ್ಟಿಡಿ. ಒದ್ದೆ ಕೈಯಲ್ಲಿ ಮೆನು ಹುಡುಕುವುದು ತಪ್ಪುತ್ತದೆ.